ತಲಪಾಡಿಯ ಆಚೆ ಈಚೆ: ಜೈಲಿನ ಖರ್ಚು ಯಾರದ್ದು?

ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ. ಅಮೆರಿಕದಲ್ಲಿ ಶಿಕ್ಷೆ ಆದ ಕೈದಿಗೆ ರಾಜ್ಯದ ಜೈಲಿನಲ್ಲಿ ಜಾಗ ಸಿಗುವವರೆಗೆ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಜೈಲು ಇಟ್ಟುಕೊಂಡರೆ, ಎಷ್ಟೋ ಕಡೆ ರಾಜ್ಯ ಸರ್ಕಾರ ದಿನಕ್ಕಿಷ್ಟು ಅಂತ ದುಡ್ಡು ಕೊಡುತ್ತದೆ. ನಮ್ಮ ಕಾಸರಗೋಡಿನಲ್ಲಿ ಅದು ಹೇಗೆ ಅಂತ ಕೇಳಿದ್ದೀರಿ.

ಇಲ್ಲಿ ಆ ಲೆಕ್ಕವೇ ಇಲ್ಲ. ಅಲ್ಲಿ ಕೌಂಟಿಯ ಕಿಸೆ ಬೇರೆ, ರಾಜ್ಯದ ಕಿಸೆ ಬೇರೆ. ನಮ್ಮಲ್ಲಿ ಕಾಸರಗೋಡಿನ ಸಬ್ ಜೈಲು, ಹೊಸದುರ್ಗದ ಜೈಲು, ಚೀಮೇನಿಯ ತೆರೆದ ಜೈಲು, ಕಣ್ಣೂರಿನ ಸೆಂಟ್ರಲ್ ಜೈಲು ಎಲ್ಲವೂ ಕೇರಳ ಸರ್ಕಾರದ್ದೇ. ಪಂಚಾಯತಿಗೆ ಅದರ ಖರ್ಚು ಬರುವುದಿಲ್ಲ.

ಹೊರಗಿನವರು ಊಟದ ದುಡ್ಡು ಕಟ್ಟುವುದು ಸಿವಿಲ್ ಜೈಲಿಗೆ ಮಾತ್ರ. ಸಾಲ ತೀರಿಸದವನನ್ನು ಕೋರ್ಟ್ ಡಿಕ್ರಿಯ ಮೇಲೆ ಒಳಗೆ ಹಾಕಿಸಿದರೆ, ಅವನ ಊಟದ ಖರ್ಚನ್ನು ಹಾಕಿಸಿದವನೇ ಕಟ್ಟಬೇಕು. ಕಟ್ಟದಿದ್ದರೆ ಬಿಟ್ಟುಬಿಡುತ್ತಾರೆ.

ನಮ್ಮ ನಿಜವಾದ ತೊಡಕು ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿದ ಮೇಲೆ ಶುರುವಾಗುತ್ತದೆ. ಗಡಿಯ ಈಚೆಗಿರುವ ನಮ್ಮ ಮಂಜೇಶ್ವರದವರಿಗೆ ಮಂಗಳೂರು 20 ಕಿಲೋಮೀಟರ್ ಆಸುಪಾಸು. ಕೆಲಸ, ಆಸ್ಪತ್ರೆ, ಕಾಲೇಜು ಎಲ್ಲ ಅಲ್ಲೇ. ಅಲ್ಲಿ ಕೇಸಾದರೆ ಕರ್ನಾಟಕದ ಜೈಲು. ಜಾಸ್ತಿ ವರ್ಷದ ಶಿಕ್ಷೆ ಆದರೆ ಮೈಸೂರೋ ಬೆಳಗಾವಿಯೋ ಆಗಬಹುದು. ಮನೆ ಹತ್ತಿರ ಕಣ್ಣೂರಿಗೆ ಕಳಿಸಿ ಅಂದರೆ ಎರಡೂ ಸರ್ಕಾರಗಳು ಒಪ್ಪಬೇಕು. 1950ರ ಕೈದಿಗಳ ವರ್ಗಾವಣೆ ಕಾಯ್ದೆ ಹಾಗೆ ಹೇಳುತ್ತದೆ. ಅದೂ ಶಿಕ್ಷೆ ಆದವರ ವಿಷಯದಲ್ಲಿ. ಕೇಸು ಇನ್ನೂ ಮುಗಿಯದ ವಿಚಾರಣೆ ಕೈದಿಗಳಿಗೆ ಈ ದಾರಿ ಇಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರಲ್ಲಿ ನೂರಕ್ಕೆ 75ಕ್ಕಿಂತ ಜಾಸ್ತಿ ಜನ ವಿಚಾರಣೆ ಕೈದಿಗಳೇ.

ಹಿಂದೆ ಹೀಗಿರಲಿಲ್ಲ. ಕಯ್ಯೂರು ಇವತ್ತು ನಮ್ಮ ಜಿಲ್ಲೆಯ ಊರು. 1941ರಲ್ಲಿ ಅಲ್ಲಿ ನಡೆದ ರೈತ ಹೋರಾಟದ ಕೇಸು ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ ನಡೆಯಿತು. ನಾಲ್ವರನ್ನು ಗಲ್ಲಿಗೇರಿಸಿದ್ದು ಕಣ್ಣೂರು ಜೈಲಿನಲ್ಲಿ, 1943ರ ಮಾರ್ಚ್ 29ಕ್ಕೆ. ಊರು, ಕೋರ್ಟು, ಜೈಲು ಮೂರೂ ಮದ್ರಾಸ್ ಪ್ರಾಂತ್ಯದ ಒಳಗೇ ಇದ್ದವು. 1956ರ ನವೆಂಬರ್ 1ಕ್ಕೆ ಆ ದಾರಿಯ ನಡುವೆ ರಾಜ್ಯದ ಗಡಿ ಬಂತು. ಆ ನಾಲ್ವರನ್ನು ನೆನೆದಾಗ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ಜೈಲಿನ ಖರ್ಚನ್ನು ಸರ್ಕಾರ ನೋಡಿಕೊಳ್ಳುತ್ತದೆ, ಸರಿ. ನೋಡಲು ಹೋಗುವ ತಾಯಿಯ ಖರ್ಚು? ಒಂದು ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡು ಹೋಯಿತು, ಮೈಸೂರಾದರೆ ರಾತ್ರಿ ಉಳಿಯಲು ಜಾಗ ಬೇಕು. ಸಿಗುವುದು ಸ್ವಲ್ಪ ಹೊತ್ತಿನ ಮಾತು. ಕೈದಿಯ ದಿನದ ಲೆಕ್ಕ ಹಾಕುವ ಸರ್ಕಾರಗಳು ಇದನ್ನೂ ಹಾಕಬೇಕು ಅಲ್ವಾ? ವರ್ಷಕ್ಕೆ ಎರಡು ಸಲದ ಬಸ್ ಚಾರ್ಜಾದರೂ ಕೊಡಲಿ.

ನಿಮ್ಮ ಪರಿಚಯದವರು ಯಾರಾದರೂ ವರ್ಗಾವಣೆಗೆ ಅರ್ಜಿ ಹಾಕುವುದಿದ್ದರೆ ಒಂದು ಮಾತು. ಮಲಯಾಳ ಬರೆಯಲು ಬಾರದು ಅಂತ ಸುಮ್ನೆ ಕೂರಬೇಡಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಇಲ್ಲಿನ ಕನ್ನಡಿಗರಿಗೆ ಸರ್ಕಾರಕ್ಕೆ ಕನ್ನಡದಲ್ಲೇ ಬರೆಯುವ ಹಕ್ಕಿದೆ. ಕನ್ನಡದಲ್ಲೇ ಬರೆಯಿರಿ, ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ.