ಎಂಜಿನ್‌ಎಕ್ಸ್ ಪ್ರಾಕ್ಸಿಯಲ್ಲಿ ಬದಲಾಯಿಸಿದ ಪಠ್ಯ ಕರ್ಲ್‌ನಲ್ಲಿ ಕಾಣುತ್ತೆ, ಬ್ರೌಸರ್‌ನಲ್ಲಿ ಯಾಕೆ ಕಾಣಲ್ಲ?

ನಿಮ್ಮ ಸಮಸ್ಯೆ ನನಗೆ ಅರ್ಥವಾಗಿರೋದು ಹೀಗೆ: ಕಾಲೇಜಿನ ಹಳೇ ಗ್ರಂಥಾಲಯ ಸಾಫ್ಟ್‌ವೇರಿನ ಸೋರ್ಸ್ ಕೈಯಲ್ಲಿಲ್ಲ. ಅದರ ಮುಂದೆ ಎಂಜಿನ್‌ಎಕ್ಸ್ (ಬ್ರೌಸರ್ ಮತ್ತು ಹಿಂದಿನ ಸರ್ವರ್ ನಡುವೆ ಪ್ರಾಕ್ಸಿ, ಅಂದರೆ ಮಧ್ಯವರ್ತಿಯಾಗಿ ನಿಲ್ಲಬಲ್ಲ ವೆಬ್ ಸರ್ವರ್) ಕೂರಿಸಿ, ಅದರ ಸಬ್_ಫಿಲ್ಟರ್ (ಹಾದುಹೋಗುವ ಪುಟದಲ್ಲಿ ಒಂದು ಪಠ್ಯದ ಬದಲು ಇನ್ನೊಂದು ಹಾಕುವ ಆಜ್ಞೆ) ಬಳಸಿ ಪುಟದ ಮೇಲ್ಭಾಗಕ್ಕೆ ಒಂದು ಸೂಚನೆ ಸೇರಿಸಬೇಕು, "ಪುಸ್ತಕ ಕೋಶ" ಅನ್ನೋ ಹೆಸರನ್ನು "ಗ್ರಂಥಾಲಯ" ಮಾಡಬೇಕು. ಸೂಚನೆ ಕರ್ಲ್‌ನಲ್ಲಿ (ಕಮಾಂಡ್ ಸಾಲಿನಿಂದ ಪುಟ ತರಿಸುವ ಸಾಧನ) ಬರುತ್ತೆ, ಬ್ರೌಸರ್‌ನಲ್ಲಿ ಬರಲ್ಲ. ಹೆಸರು ಎರಡರಲ್ಲೂ ಬದಲಾಗಲ್ಲ.

ಇವು ಎರಡು ಬೇರೆ ಬೇರೆ ತೊಂದರೆಗಳು. ಮೊದಲನೆಯದು ಜಿಜಿಪ್, ಅಂದರೆ ಪುಟವನ್ನು ಕುಗ್ಗಿಸಿ ಕಳಿಸುವ ವಿಧಾನ. ಸಬ್_ಫಿಲ್ಟರ್ ನೋಡೋದು ಹಾದುಹೋಗುವ ಬೈಟ್‌ಗಳನ್ನು ಮಾತ್ರ. ಬ್ರೌಸರ್ ತನ್ನ ಕೋರಿಕೆಯಲ್ಲಿ ಆಕ್ಸೆಪ್ಟ್-ಎನ್‌ಕೋಡಿಂಗ್ ಹೆಡರ್ (ಕುಗ್ಗಿಸಿದ ಪುಟವೂ ಆಗುತ್ತೆ ಅಂತ ತಿಳಿಸುವ ಸಾಲು) ಕಳಿಸುತ್ತೆ, ಹಿಂದಿನ ಸರ್ವರ್ ಪುಟವನ್ನು ಕುಗ್ಗಿಸಿ ಕೊಡುತ್ತೆ, ಆ ಗಂಟಿನೊಳಗೆ ನೀವು ಹುಡುಕುವ ಪದ ಸಿಗೋದೇ ಇಲ್ಲ. ಕರ್ಲ್ ತಾನಾಗಿ ಆ ಹೆಡರ್ ಕಳಿಸಲ್ಲ, ಹಾಗಾಗಿ ಅಲ್ಲಿ ಸೂಚನೆ ಕಾಣುತ್ತೆ. ಪರಿಹಾರ ಒಂದೇ ಸಾಲು: ಪ್ರಾಕ್ಸಿ_ಸೆಟ್_ಹೆಡರ್‌ನಲ್ಲಿ (ಹಿಂದಿನ ಸರ್ವರ್‌ಗೆ ಯಾವ ಹೆಡರ್ ಹೋಗಬೇಕೆಂದು ಹೇಳುವ ಆಜ್ಞೆ) ಆಕ್ಸೆಪ್ಟ್-ಎನ್‌ಕೋಡಿಂಗ್‌ಗೆ ಖಾಲಿ ಬೆಲೆ ಕೊಡಿ, ಅಂದರೆ ಬರೀ ಎರಡು ಉದ್ಧರಣ ಚಿಹ್ನೆ. ಆಗ ಆ ಹೆಡರ್ ಹಿಂದಕ್ಕೆ ಹೋಗೋದೇ ಇಲ್ಲ. ಬ್ರೌಸರ್‌ಗೆ ಕುಗ್ಗಿಸಿಯೇ ಕಳಿಸಬೇಕೆಂದರೆ ಎಂಜಿನ್‌ಎಕ್ಸ್‌ನ ಜಿಜಿಪ್ ಆನ್ ಮಾಡಿ. ಅದು ಬದಲಾವಣೆ ಮುಗಿದ ಮೇಲೆ ನಡೆಯುತ್ತೆ.

ಆ ಸಾಲನ್ನು ಎಲ್ಲಿ ಬರೀತೀರಿ ಅನ್ನೋದು ಬಹಳ ಮುಖ್ಯ. ಎಂಜಿನ್‌ಎಕ್ಸ್‌ನ ಕಾನ್ಫಿಗ್ ಫೈಲಿನ ಲೊಕೇಶನ್ ಬ್ಲಾಕಿನೊಳಗೆ (ಸರ್ವರ್ ಬ್ಲಾಕಿನ ಒಳಗೆ, ಒಂದು ವಿಳಾಸದ ಕೋರಿಕೆಗಳಿಗೆ ಮಾತ್ರ ಅನ್ವಯಿಸುವ ಭಾಗ) ಹೋಸ್ಟ್‌ ಹೆಡರ್‌ಗೆ ಅಂತ ಒಂದೇ ಒಂದು ಪ್ರಾಕ್ಸಿ_ಸೆಟ್_ಹೆಡರ್ ಇದ್ದರೂ, ಸರ್ವರ್ ಬ್ಲಾಕಿನಲ್ಲಿ ಬರೆದಿರುವ ಅಂಥ ಸಾಲುಗಳೆಲ್ಲ ಅಲ್ಲಿಗೆ ಲೆಕ್ಕಕ್ಕಿಲ್ಲ. ಎರಡನ್ನೂ ಲೊಕೇಶನ್‌ನೊಳಗೇ ಹಾಕಿ. ಸಬ್_ಫಿಲ್ಟರ್ ಸಾಲುಗಳಿಗೂ ಇದೇ ನಿಯಮ.

ಎರಡನೇ ತೊಂದರೆ ಕನ್ನಡದ್ದೇ, ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದು ಸಿಗೋದು ಕಷ್ಟ. "ಕೋ" ಅನ್ನೋ ಒಂದು ಅಕ್ಷರವನ್ನೇ ನೋಡಿ. ಯೂನಿಕೋಡ್‌ನಲ್ಲಿ ಇದನ್ನು ಕ ಜೊತೆಗೆ ಒಂದೇ ಓಕಾರದ ಚಿಹ್ನೆಯಾಗಿ ಬರೆಯಬಹುದು. ಇಲ್ಲವೇ ಕ, ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು ಅಂತ ನಾಲ್ಕು ತುಂಡಾಗಿಯೂ ಬರೆಯಬಹುದು. ಯುಟಿಎಫ್-8ರಲ್ಲಿ (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ರೀತಿ) ಪ್ರತಿ ತುಂಡಿಗೆ 3 ಬೈಟ್, ಹಾಗಾಗಿ ಮೊದಲನೆಯದು 6 ಬೈಟ್, ಎರಡನೆಯದು 12. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತೆ, ಸಬ್_ಫಿಲ್ಟರ್‌ಗೆ ಮಾತ್ರ ಅವು ಬೇರೆ ಬೇರೆ ಪದ. ಕೀ, ಕೇ, ಕೈ, ಕೊ ಇವಕ್ಕೂ ಇದೇ ಪಾಡು. ಇನ್ನು "ಸರ್ವರ್‌ನಲ್ಲಿ" ಥರದ ಪದಗಳಲ್ಲಿ ಅರ್ಧಾಕ್ಷರದ ಪಕ್ಕ ಕಣ್ಣಿಗೆ ಕಾಣದ ಒಂದು ಸೊನ್ನೆ-ಅಗಲದ ಅಕ್ಷರ ಕೂತಿರುತ್ತೆ, ಅದೂ 3 ಬೈಟ್. ಅದಕ್ಕೇ ಹುಡುಕುವ ಪದವನ್ನು ಕೀಬೋರ್ಡಿನಲ್ಲಿ ಟೈಪ್ ಮಾಡಬೇಡಿ. ಹಿಂದಿನ ಸರ್ವರ್‌ಗೇ ನೇರವಾಗಿ ಕರ್ಲ್ ಹಾಕಿ, ಬಂದ ಪುಟವನ್ನು ಫೈಲಿಗೆ ಉಳಿಸಿ, ಆ ಫೈಲಿನಿಂದ ಪದವನ್ನು ಕಾಪಿ ಮಾಡಿ ಕಾನ್ಫಿಗ್‌ಗೆ ಅಂಟಿಸಿ, ಯುಟಿಎಫ್-8 ಆಗಿ ಸೇವ್ ಮಾಡಿ. ಎರಡು ರೂಪಗಳೂ ಸಿಕ್ಕರೆ ಎರಡು ಸಬ್_ಫಿಲ್ಟರ್ ಸಾಲು ಬರೆಯಿರಿ, 1.9.4 ಆವೃತ್ತಿಯಿಂದ ಒಂದೇ ಬ್ಲಾಕಿನಲ್ಲಿ ಎಷ್ಟು ಬೇಕಾದರೂ ಬರೆಯಬಹುದು. ಉಳಿಸಿದ ಫೈಲಿನಲ್ಲಿ ಆ ಪದವೇ ಇಲ್ಲವೆಂದರೆ ಅದನ್ನು ಜಾವಾಸ್ಕ್ರಿಪ್ಟ್ ಆಮೇಲೆ ಜೇಸನ್‌ನಿಂದ (ಮಾಹಿತಿ ಕಳಿಸಲು ಬಳಸುವ ಒಂದು ಪಠ್ಯ ರೂಪ) ತಂದು ತುಂಬುತ್ತಿರಬಹುದು. ಸಬ್_ಫಿಲ್ಟರ್ ತಾನಾಗಿ ಮುಟ್ಟೋದು ಎಚ್‌ಟಿಎಂಎಲ್ ಪುಟಗಳನ್ನು ಮಾತ್ರ, ಹಾಗಾಗಿ ಸಬ್_ಫಿಲ್ಟರ್_ಟೈಪ್ಸ್‌ಗೆ ಅಪ್ಲಿಕೇಶನ್/ಜೇಸನ್ ಸೇರಿಸಿ.

ಹೆಸರು ಮೊದಲ ಕಡೆ ಮಾತ್ರ ಬದಲಾದರೆ ಸಬ್_ಫಿಲ್ಟರ್_ಒನ್ಸ್ ಆಫ್ ಮಾಡಿ. ಆದರೆ ಆ ಆಯ್ಕೆ ಬ್ಲಾಕಿನ ಎಲ್ಲ ಸಾಲುಗಳಿಗೂ ಅನ್ವಯಿಸುತ್ತೆ. ಆದ್ದರಿಂದ ಸೂಚನೆಯನ್ನು ಪುಟದಲ್ಲಿ ಒಮ್ಮೆ ಮಾತ್ರ ಬರುವ ಟ್ಯಾಗಿಗೇ ಕಟ್ಟಿ, ಬಾಡಿಯ ಆರಂಭದ ಟ್ಯಾಗ್ ಒಳ್ಳೆಯ ಜಾಗ. ಅದರಲ್ಲಿ ಕ್ಲಾಸ್ ಇತ್ಯಾದಿ ಇದ್ದರೆ ಇಡೀ ಟ್ಯಾಗನ್ನು ಇದ್ದಂತೆಯೇ ಬರೆಯಬೇಕು. ಬದಲಿ ಪಠ್ಯದಲ್ಲಿ ಆ ಟ್ಯಾಗನ್ನು ಮತ್ತೆ ಹಾಕೋದು ಮರೀಬೇಡಿ, ಇಲ್ಲದಿದ್ದರೆ ಅದು ಪುಟದಿಂದಲೇ ಹೋಗಿಬಿಡುತ್ತೆ.

ಸೂಚನೆಯೊಳಗೆ ಸ್ಕ್ರಿಪ್ಟ್ ಬೇಡ. ಹಿಂದಿನ ಸರ್ವರ್ ಕಂಟೆಂಟ್-ಸೆಕ್ಯೂರಿಟಿ-ಪಾಲಿಸಿ ಹೆಡರ್ (ಪುಟದಲ್ಲಿ ಯಾವ ಸ್ಕ್ರಿಪ್ಟ್ ಇತ್ಯಾದಿ ಓಡಬಹುದೆಂದು ಬ್ರೌಸರ್‌ಗೆ ಹೇಳುವ ಸಾಲು) ಕಳಿಸುತ್ತಿದ್ದರೆ ಪುಟದೊಳಗೇ ಬರೆದ ಸ್ಕ್ರಿಪ್ಟನ್ನು ಬ್ರೌಸರ್ ಸಾಮಾನ್ಯವಾಗಿ ತಡೆಯುತ್ತೆ, ಕನ್ಸೋಲ್‌ನಲ್ಲಿ ಮಾತ್ರ ಅದರ ಸುಳಿವು ಸಿಗುತ್ತೆ. ಆ ಹೆಡರನ್ನೇ ಕಿತ್ತುಹಾಕಿ ಅಂತ ಸಲಹೆ ಕೊಡುವವರು ಸಿಗುತ್ತಾರೆ, ದಯವಿಟ್ಟು ಕೇಳಬೇಡಿ. ವಿದ್ಯಾರ್ಥಿಗಳು ಪಾಸ್‌ವರ್ಡ್ ಹಾಕುವ ಪುಟಕ್ಕೆ ಅದೇ ಕಾವಲು.

ಕೊನೆಗೆ ಎಂಜಿನ್‌ಎಕ್ಸ್‌ನ ಪರೀಕ್ಷಾ ಆಯ್ಕೆಯಿಂದ ಕಾನ್ಫಿಗ್ ನೋಡಿಕೊಂಡು ರೀಲೋಡ್ ಮಾಡಿ, ಪ್ರೈವೇಟ್ ವಿಂಡೋದಲ್ಲಿ ಪುಟ ತೆರೆಯಿರಿ. ಮಾಮೂಲಿ ವಿಂಡೋದಲ್ಲಿ ಬ್ರೌಸರ್ ಹಳೇ ಇಟ್ಯಾಗ್ (ತನ್ನ ಬಳಿ ಉಳಿಸಿಕೊಂಡ ಪ್ರತಿಯ ಗುರುತು) ಕಳಿಸಿ, ಸರ್ವರ್ 304, ಅಂದರೆ "ಪುಟ ಬದಲಾಗಿಲ್ಲ" ಅಂತ ಉತ್ತರ ಕೊಟ್ಟರೆ, ನಿಮಗೆ ಕಾಣೋದು ಬದಲಾವಣೆಗೆ ಮುಂಚಿನ ಪ್ರತಿಯೇ.