ಗಾಜಿನಂಥ ಸಿಗಡಿ ತಂದಿದ್ದೇನೆ, ನಿಯಾನ್ ಟೆಟ್ರಾಗಳು ಅದನ್ನು ತಿಂದುಬಿಡುತ್ತವಾ?

ಎರಡಡಿ ಟ್ಯಾಂಕು, ಹತ್ತು ನಿಯಾನ್ ಮೀನು, ಅಂಗಡಿಯವರು ‘ಘೋಸ್ಟ್ ಶ್ರಿಂಪ್’ ಅಂತ ಕೊಟ್ಟ ನಾಲ್ಕು ಪಾರದರ್ಶಕ ಸಿಗಡಿ. ಅದರಲ್ಲಿ ಒಂದು ಕಾಣೆಯಾಗಿದೆ, ಮೀನೇ ತಿಂದಿರಬೇಕು ಅಂತ ನಿಮ್ಮ ಅನುಮಾನ. ನಿಮ್ಮ ಪ್ರಶ್ನೆ ಓದಿದಾಗ 2019ರ ನನ್ನ ಹಾಲ್ ಕಣ್ಮುಂದೆ ಬಂತು. ನಾನು ಕೇಳುತ್ತಿದ್ದದ್ದೂ ಇದನ್ನೇ, ಸಿಗಡಿಯನ್ನು ತಿನ್ನದ ಮೀನು ಯಾವುದು ಅಂತ. ನೀವು ಕೇಳಬೇಕಾದದ್ದು ಅದಲ್ಲ. ನಿಮ್ಮ ಸಿಗಡಿ ಮೀನನ್ನು ತಿನ್ನುತ್ತಾ ಅಂತ ಮೊದಲು ನೋಡಿಕೊಳ್ಳಿ.

ಆಗ ನಾನು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಹನ್ನೆರಡು ನಿಯಾನ್ ಸಾಕಿದ್ದೆ, ಜಾವಾ ಮಾಸ್ ಅನ್ನುವ ನೀರುಗಿಡ ದಟ್ಟವಾಗಿ ಬೆಳೆದಿತ್ತು. ಗಾಜಿನ ಮೇಲಿನ ಪಾಚಿ ತಿನ್ನಲಿ ಅಂತ ಒಂದು ಅಂಗಡಿಯಿಂದ ಐದು ಸಿಗಡಿ ತಂದೆ. ಒಂದೊಂದೂ ಒಂದಿಂಚು ಇರಲಿಲ್ಲ, ಹೊಟ್ಟೆಯೊಳಗೆ ಹೋದ ಊಟವೂ ಹೊರಗೇ ಕಾಣುತ್ತಿತ್ತು. “ಕ್ಲೀನಿಂಗ್ ಮಾಡ್ಕೊಂಡು ಇರುತ್ತೆ ಸಾರ್, ಯಾರ ತಂಟೆಗೂ ಹೋಗಲ್ಲ” ಅಂದಿದ್ದರು.

ಮೊದಲ ತಿಂಗಳು ನಿಜಕ್ಕೂ ಹಾಗೇ ಇತ್ತು. ಆಮೇಲೆ ಐದು ಸಿಗಡಿ ನಾಲ್ಕಾಯಿತು, ನಾಲ್ಕು ಮೂರಾಯಿತು. ನಿಯಾನ್‌ಗಳು ತಿಂದವು ಅಂದುಕೊಂಡೆ. ಅಷ್ಟರಲ್ಲಿ ನಿಯಾನ್‌ಗಳೂ ಕಡಿಮೆಯಾಗತೊಡಗಿದವು. ಒಂದು ಬೆಳಿಗ್ಗೆ ಏಳು ಗಂಟೆಗೆ ನೋಡುತ್ತೇನೆ, ಮರಳಿನ ಮೇಲೆ ದೊಡ್ಡ ಸಿಗಡಿ ಒಂದು ನಿಯಾನನ್ನು ಹಿಡಿದುಕೊಂಡು ಕೂತಿದೆ. ತಲೆ, ಬೆನ್ನೆಲುಬು ಮಾತ್ರ ಉಳಿದಿದೆ.

ನಾನು ಎಡವಿದ್ದು ಅಲ್ಲೇ, ಆ ಒಂದು ನಿಮಿಷದಲ್ಲಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದಕ್ಕೆ ಏಳು ಮೀನು ಬಲಿಯಾದವು. ‘ಮೀನು ರಾತ್ರಿ ಹೇಗೋ ಸತ್ತಿದೆ, ಪಾಪ ಸಿಗಡಿ ಕ್ಲೀನ್ ಮಾಡ್ತಿದೆ’ ಅಂದುಕೊಂಡೆ. ಸಿಗಡಿ ಸತ್ತದ್ದನ್ನು ತಿನ್ನುವುದು ಸುಳ್ಳೇನಲ್ಲ, ಎಲ್ಲ ಸಿಗಡಿಯೂ ತಿನ್ನುತ್ತೆ. ಹಾಗಾಗಿ ಕಣ್ಣೆದುರಿಗೆ ಇದ್ದದ್ದು ಸಾಕ್ಷಿ ಅಂತ ಹೊಳೆಯಲೇ ಇಲ್ಲ. ಅಲ್ಲಿಂದ ಶುರುವಾಯಿತು ನೋಡಿ ನನ್ನ ವೈದ್ಯಗಿರಿ. ನೀರಿನಲ್ಲಿ ವಿಷ ಸೇರಿದೆಯಾ ಅಂತ ಅಮೋನಿಯಾ ಟೆಸ್ಟ್ ಮಾಡಿದೆ, ಸೊನ್ನೆ. ನೈಟ್ರೈಟ್ ಸೊನ್ನೆ. ಆದರೂ ದಿನ ಬಿಟ್ಟು ದಿನ ನೀರು ಬದಲಿಸಿದೆ. ಹೀಟರ್ ಏರಿಸಿದೆ, ಇಳಿಸಿದೆ. ಫಿಲ್ಟರ್ ಬಿಚ್ಚಿ ತೊಳೆದೆ. ಈ ಗದ್ದಲದಲ್ಲಿ ಒಂದು ಸರಳ ಪ್ರಶ್ನೆ ಕೇಳಿಕೊಳ್ಳಲಿಲ್ಲ: ಕಾಯಿಲೆಯ ಮೀನು ಸಾಯುವ ಮುಂಚೆ ಏನಾದರೂ ಲಕ್ಷಣ ತೋರಿಸಬೇಕಲ್ಲವೇ? ರೆಕ್ಕೆ ಮುದುಡಿಕೊಳ್ಳುತ್ತೆ, ಊಟ ಬಿಡುತ್ತೆ, ಗುಂಪಿನಿಂದ ಬೇರೆಯಾಗಿ ಮೂಲೆ ಹಿಡಿಯುತ್ತೆ. ನನ್ನವು ಒಂದೂ ಹಾಗೆ ಮಾಡಲಿಲ್ಲ. ಸಂಜೆ ಮುಗಿಬಿದ್ದು ತಿಂದ ಮೀನು ಬೆಳಗಾಗುವಷ್ಟರಲ್ಲಿ ಮುಳ್ಳಾಗಿರುತ್ತಿತ್ತು. ಕಾಯಿಲೆ ಹಾಗೆ ಕೊಲ್ಲುವುದಿಲ್ಲ. ಆರು ವಾರದಲ್ಲಿ ಹನ್ನೆರಡು ಐದಾಯಿತು.

ದೀಪಾವಳಿಗೆ ಕುಂದಾಪುರದಿಂದ ಅಮ್ಮ ಬಂದರು. ಬ್ಯಾಗ್ ಇಟ್ಟು, ನೀರು ಕುಡಿದು, ಟ್ಯಾಂಕಿನ ಮುಂದೆ ಬಗ್ಗಿ ನೋಡಿದರು. “ಇದ್ ಹೊಳಿ ಚಟ್ಲಿ ಅಲ್ದಾ ಮಗಾ? ಇದ್ರ ಕೈ ಕಾಣ್” ಅಂದರು. ಅವರು ಹೊಳೆಯ ಸಿಗಡಿಯನ್ನು ಬುಟ್ಟಿಗಟ್ಟಲೆ ಬಿಡಿಸಿದವರು, ಎಷ್ಟೋ ಸಲ ಬೆರಳು ಚಿವುಟಿಸಿಕೊಂಡವರು. ನಾನು ಮೂರು ತಿಂಗಳಿಂದ ದಿನಾ ನೋಡುತ್ತಿದ್ದ ಪ್ರಾಣಿಯ ಕೈ ನೋಡಿರಲಿಲ್ಲ.

ಆ ರಾತ್ರಿ ಹನ್ನೊಂದೂವರೆಗೆ ಲೈಟ್ ಆರಿಸಿ, ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆ ಕಟ್ಟಿಕೊಂಡು ಕೂತೆ. ನಿಯಾನ್‌ಗಳು ಮಾಸ್ ಮೇಲೆ ಅಲ್ಲಾಡದೆ ನಿಂತಿದ್ದವು. ರಾತ್ರಿ ಅವುಗಳ ನೀಲಿ ಗೆರೆ ಆರಿಹೋಗುತ್ತೆ, ಬೂದು ಬಣ್ಣಕ್ಕೆ ಬಂದಿರುತ್ತವೆ. ಕಲ್ಲಿನ ಸಂದಿಯಿಂದ ಎರಡು ಕಣ್ಣು ಕೆಂಡದ ಚುಕ್ಕಿಯ ಹಾಗೆ ಹೊಳೆದವು. ಸಿಗಡಿ ಈಜಲಿಲ್ಲ, ನಡೆಯಿತು. ಒಂದು ಹೆಜ್ಜೆ, ನಿಲ್ಲುವುದು, ಮತ್ತೊಂದು ಹೆಜ್ಜೆ. ಕೈ ಎರಡನ್ನೂ ಮುಂದೆ ಚಾಚಿ, ಕತ್ತಲಲ್ಲಿ ಗೋಡೆ ತಡವುವವರ ಹಾಗೆ ಮಾಸಿನ ಎಳೆಎಳೆಯನ್ನೂ ಮುಟ್ಟುತ್ತಾ ಬಂತು. ಬಲಗೈ ತುದಿ ಒಂದು ನಿಯಾನಿನ ಬಾಲಕ್ಕೆ ತಾಗಿತು. ಮೀನು ಎಚ್ಚರವಾಗಲಿಲ್ಲ. ಕೈ ಹಿಂದೆ ಸರಿಯಿತು, ಮತ್ತೆ ಬಂತು, ಈ ಸಲ ಬಾಲದ ಬುಡಕ್ಕೇ ಚಿಮಟ ಹಾಕಿತು. ನಾನು ಗಾಜು ಬಡಿದೆ, ಕೈ ಹಾಕಿ ಬಿಡಿಸಿದೆ. ಬಾಲ ಉಳಿದಿರಲಿಲ್ಲ. ಎರಡು ದಿನಕ್ಕೆ ಆ ಮೀನೂ ಹೋಯಿತು.

ಇನ್ನು ಗುರುತಿಸುವ ವಿಷಯ. ಬಣ್ಣ ನೋಡಬೇಡಿ, ಅಂಗಡಿಯ ಹೆಸರು ನಂಬಬೇಡಿ. ‘ಘೋಸ್ಟ್ ಶ್ರಿಂಪ್’ ಅನ್ನುವುದು ಅಮೆರಿಕದವರು ತಮ್ಮ ಕಡೆಯ ಒಂದು ಸಣ್ಣ ಸಿಗಡಿಗೆ ಇಟ್ಟ ಹೆಸರು. ನನಗೆ ಅದೇ ಹೆಸರಲ್ಲಿ ಸಿಕ್ಕಿದ್ದು ಮ್ಯಾಕ್ರೊಬ್ರೇಕಿಯಂ ಕುಲದ ಸಿಗಡಿಯ ಮರಿ. ಆ ಗ್ರೀಕ್ ಹೆಸರಿನ ಅರ್ಥವೇ ಉದ್ದ ಕೈ. ಆಂಧ್ರದಲ್ಲಿ ಕೊಳದಲ್ಲಿ ಸಾಕುವ, ಹೋಟೆಲಿನವರು ಸ್ಕ್ಯಾಂಪಿ ಅನ್ನುವ ರೋಸೆನ್‌ಬರ್ಗಿ ಕೂಡ ಇದೇ ಕುಲದ್ದು, ಗಂಡು ಒಂದು ಅಡಿಯವರೆಗೆ ಬೆಳೆಯುತ್ತೆ. ಮರಿಯಿದ್ದಾಗ ಎಲ್ಲವೂ ಗಾಜೇ. ಚೆರ್ರಿ ಶ್ರಿಂಪ್ ಅನ್ನುವ ಪುಟ್ಟ ಬಣ್ಣದ ಸಿಗಡಿಯಲ್ಲೂ ಬಣ್ಣ ಬಾರದ ಮರಿಗಳು ಹೀಗೇ ಪಾರದರ್ಶಕವಾಗಿ ಹುಟ್ಟುತ್ತವೆ.

ನೋಡಬೇಕಾದದ್ದು ಎರಡನೇ ಜೋಡಿ ಕಾಲು, ಅಮ್ಮ ‘ಕೈ’ ಅಂದದ್ದು ಅದನ್ನೇ. ಮುಖದ ಮುಂದೆ ಚಾಟಿಯ ಹಾಗೆ ಆಡುವುದು ಮೀಸೆ, ಅದಕ್ಕೆ ಗಂಟಿಲ್ಲ. ಅದರ ಕೆಳಗೆ ಮೊಣಕೈಯ ಹಾಗೆ ಮಡಚುವ, ತುದಿಯಲ್ಲಿ ಇಕ್ಕಳವಿರುವ ಕಡ್ಡಿಗಳಿವೆಯೇ? ಇದ್ದರೆ, ಮೊದಲ ಜೋಡಿಗಿಂತ ಎರಡನೆಯದು ಎದ್ದು ಕಾಣುವಷ್ಟು ಉದ್ದವಿದ್ದರೆ, ಅದು ಬೇಟೆಗಾರ. ಚೆರ್ರಿ, ಅಮಾನೊ ಇವು ಪಾಚಿ ತಿನ್ನುವ ಸಿಗಡಿಗಳು, ಇವುಗಳ ಮುಂದಿನ ಎರಡೂ ಜೋಡಿ ಕಾಲು ಗಿಡ್ಡ, ತುದಿಯಲ್ಲಿ ಕೂದಲಿನ ಕುಂಚ. ಅದರಲ್ಲಿ ಪಾಚಿ ಗುಡಿಸಿ ಗುಡಿಸಿ ಬಾಯಿಗೆ ಹಾಕಿಕೊಳ್ಳುವುದೇ ಇಡೀ ದಿನದ ಕೆಲಸ. ಆ ಕೈಯಲ್ಲಿ ಆರೋಗ್ಯವಾಗಿರುವ ಮೀನನ್ನು ಹಿಡಿಯಲು ಆಗುವುದೇ ಇಲ್ಲ. ಅಮಾನೊಗೆ ಪಕ್ಕೆಯಲ್ಲಿ ಚುಕ್ಕಿ ಸಾಲು ಇರುತ್ತೆ, ಹೆಣ್ಣಿಗೆ ಚುಕ್ಕಿಯ ಬದಲು ಸಣ್ಣ ಗೆರೆ. ಇನ್ನು ಮೊಟ್ಟೆ: ಚೆರ್ರಿ ಹೆಣ್ಣಿನ ಹೊಟ್ಟೆಯಡಿ ಇಪ್ಪತ್ತು ಮೂವತ್ತು ಮೊಟ್ಟೆ, ಒಂದೊಂದನ್ನೂ ಎಣಿಸಬಹುದು. ಹಿಟ್ಟಿನ ಹಾಗೆ ನೂರಾರು ಅಂಟಿಕೊಂಡಿದ್ದರೆ ಚೆರ್ರಿ ಅಲ್ಲ.

ಇದನ್ನೆಲ್ಲ ಟ್ಯಾಂಕಿಗೆ ಬಿಟ್ಟ ಮೇಲೆ ನೋಡುವುದಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಇರುವಾಗಲೇ ಬೆಳಕಿಗೆ ಹಿಡಿದು ಹತ್ತು ನಿಮಿಷ ನೋಡಿ. ಆ ಹತ್ತು ನಿಮಿಷ ನಾನು ಕೊಡಲಿಲ್ಲ. ತೀರಾ ಚಿಕ್ಕ ಮರಿಯಲ್ಲಿ ಕೈ ಇನ್ನೂ ಬೆಳೆದಿರುವುದಿಲ್ಲ, ಹಾಗಿದ್ದರೆ ಒಂದು ತಿಂಗಳು ಬೇರೆ ಡಬ್ಬದಲ್ಲಿಟ್ಟು ಕಾಯಿರಿ. ‘ಮುಖದ ಮುಂದೆ ಎರಡು ಉದ್ದ ಕಡ್ಡಿ ಇದೆ, ಮಡಚುತ್ತೆ’ ಅಂತ ನೀವೇ ಬರೆದಿದ್ದೀರಿ. ನನಗೆ ಅನುಮಾನ ಉಳಿದಿಲ್ಲ. ಕಾಣೆಯಾದ ನಿಮ್ಮ ನಾಲ್ಕನೆಯದನ್ನು ನಿಯಾನ್ ತಿಂದಿಲ್ಲ. ಪೊರೆ ಬಿಟ್ಟ ಸಿಗಡಿಯ ಮೈ ಮೆತ್ತಗಿರುತ್ತೆ, ಆ ಹೊತ್ತಿಗೆ ಜೊತೆಯವೇ ತಿನ್ನುತ್ತವೆ. ನನ್ನ ಎರಡು ಹೋದದ್ದೂ ಹಾಗೇ ಅಂತ ಈಗ ಅನ್ನಿಸುತ್ತೆ. ಎರಡನ್ನು ಆಮೇಲೆ ಒಂದು ಪರಿಚಯದವರ ದೊಡ್ಡ ಟ್ಯಾಂಕಿಗೆ ಕೊಟ್ಟೆ, ದೊಡ್ಡದು ಒಂಟಿಯಾಗಿ ನನ್ನ ಹತ್ತಿರವೇ ವರ್ಷದ ಮೇಲೆ ಬದುಕಿತ್ತು.

ಹಾಗಾದರೆ ಸಣ್ಣ ಮೀನಿನ ಜೊತೆ ಸಿಗಡಿ ಸಾಕುವುದೇ ಬೇಡವಾ? ಸಾಕಿ, ಆದರೆ ಅಮಾನೊ ಸಾಕಿ. ಎರಡಿಂಚು ಬೆಳೆಯುತ್ತೆ, ನಿಯಾನ್ ಬಾಯಿಗೆ ಹಿಡಿಯುವುದಿಲ್ಲ, ಪಾಚಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಮರಿಗೆ ಉಪ್ಪುನೀರು ಬೇಕಾದ್ದರಿಂದ ಮನೆಯಲ್ಲಿ ಸಂಸಾರ ಬೆಳೆಯುವುದಿಲ್ಲ, ಅಷ್ಟೇ. ಚೆರ್ರಿ ಮತ್ತು ನಿಯಾನ್ ಒಟ್ಟಿಗೆ ಇರುತ್ತವೆ ಅಂತ ಎಲ್ಲರೂ ಹೇಳುತ್ತಾರೆ, ದೊಡ್ಡ ಚೆರ್ರಿಗಳ ಮಟ್ಟಿಗೆ ಅದು ನಿಜ. ಮರಿ ಹುಟ್ಟುವಾಗ ಎರಡು ಮಿಲಿಮೀಟರ್ ಇರುತ್ತೆ, ಬಾಯಿಗೆ ಹಿಡಿಸುವುದನ್ನು ಹೆಚ್ಚಿನ ಮೀನುಗಳು ಬಿಡುವುದಿಲ್ಲ. ಗಪ್ಪಿಯಂತೂ ಹುಡುಕಿಕೊಂಡು ಹೋಗುತ್ತೆ. ಏಂಜೆಲ್, ಗೌರಾಮಿ, ಪೀ ಪಫರ್ ಮೀನುಗಳಿದ್ದರೆ ಚೆರ್ರಿ ತರುವ ಯೋಚನೆಯನ್ನೇ ಬಿಡಿ. ನನ್ನನ್ನು ಕೇಳಿದರೆ ಚೆರ್ರಿಗೆ ಮೊದಲು ಮೂರು ನಾಲ್ಕು ತಿಂಗಳು ಮೀನಿಲ್ಲದ ಟ್ಯಾಂಕು, ಸ್ಪಾಂಜ್ ಫಿಲ್ಟರ್, ಕೈತುಂಬ ಮಾಸ್. ನೂರರ ಹತ್ತಿರ ಆದಮೇಲೆ ಒಟೊಸಿಂಕ್ಲಸ್ ಅಥವಾ ಚಿಲ್ಲಿ ರಾಸ್ಬೊರಾದಂಥ ಪುಟ್ಟ ಬಾಯಿಯ ಮೀನು ಬಿಡಿ. ಬಿಳಿ ಚುಕ್ಕೆ ರೋಗಕ್ಕೆ ಔಷಧಿ ಹಾಕುವಾಗ ಬಾಟಲಿ ಓದಿ, ತಾಮ್ರ ಇದ್ದರೆ ಸಿಗಡಿ ಉಳಿಯುವುದಿಲ್ಲ. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ತಪ್ಪಿಸಬೇಡಿ.

ಈಗ ಇವತ್ತು ರಾತ್ರಿಯ ಕೆಲಸ. ಬಲೆ ಹಿಡಿದು ಅಟ್ಟಿಸಿಕೊಂಡು ಹೋಗಬೇಡಿ, ಹಿಂದಕ್ಕೆ ಚಿಮ್ಮಿ ಗಿಡವೆಲ್ಲ ಕಿತ್ತುಹಾಕುತ್ತೆ. ಒಂದು ಲೀಟರ್ ನೀರಿನ ಬಾಟಲಿಯ ಕುತ್ತಿಗೆ ಭಾಗ ಕತ್ತರಿಸಿ, ತಲೆಕೆಳಗಾಗಿ ಅದರೊಳಗೇ ಕೂರಿಸಿ. ಒಳಗೆ ಮುಳುಗುವ ಊಟದ ಒಂದು ಗುಳಿಗೆ, ಭಾರಕ್ಕೆ ಎರಡು ಕಲ್ಲು. ಲೈಟ್ ಆರಿಸುವ ಮುಂಚೆ ಮರಳಿನ ಮೇಲೆ ಅಡ್ಡ ಮಲಗಿಸಿ. ನಾನು ದೊಡ್ಡದನ್ನು ಹಿಡಿದದ್ದು ಹೀಗೇ, ಎರಡನೇ ರಾತ್ರಿ ಸಿಕ್ಕಿತು. ಸಿಕ್ಕ ಮೇಲೆ ಬೇರೆ ಟ್ಯಾಂಕು, ಗಟ್ಟಿ ಮುಚ್ಚಳ, ಒಂದೊಂದಕ್ಕೂ ಅಡಗಲು ಒಂದೊಂದು ಪೈಪ್ ತುಂಡು. ಕೆರೆಗೆ ಮಾತ್ರ ಬಿಡಬೇಡಿ. ಮೂರೂ ಸಿಗುವವರೆಗೆ ಬೆಳಿಗ್ಗೆ ಎದ್ದ ತಕ್ಷಣ ನಿಯಾನ್ ಎಣಿಸಿ.