ಕ್ಷಮೆ ಬೇರೆ, ಕ್ಷಮಾದಾನ ಬೇರೆ

ಪ್ರಿಯ ಓದುಗರೇ,

ವರ್ಣಭೇದ ಆಡಳಿತದ ಕಾಲದ ದೌರ್ಜನ್ಯಗಳನ್ನು ವಿಚಾರಿಸಿದ ದಕ್ಷಿಣ ಆಫ್ರಿಕಾದ ಸತ್ಯ ಮತ್ತು ಸಾಮರಸ್ಯ ಆಯೋಗದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಸಿಟ್ಟಿನಿಂದಲೇ ಬರೆದಿದ್ದೀರಿ. ಕೊಲೆಗಡುಕರನ್ನು ಸುಮ್ನೆ ಬಿಟ್ಟರು, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳಿ ಅನ್ನುವ ಕ್ರೈಸ್ತ ಉಪದೇಶವೇ ಇದಕ್ಕೆ ಕಾರಣ ಅನ್ನುವುದು ನಿಮ್ಮ ದೂರು.

ಸಿಟ್ಟು ನ್ಯಾಯವಾದದ್ದೇ. 1997ರಲ್ಲಿ ಕೇಪ್‌ಟೌನ್‌ನಲ್ಲಿ ನಡೆದ ಆಯೋಗದ ವಿಚಾರಣೆಯಲ್ಲಿ ಜೆಫ್ರಿ ಬೆನ್ಝೀನ್ ಎಂಬ ಪೊಲೀಸ್ ಅಧಿಕಾರಿ ತನ್ನ ಚಿತ್ರಹಿಂಸೆಯ ವಿಧಾನವನ್ನು ಎಲ್ಲರೆದುರು ಮಾಡಿ ತೋರಿಸಿದ. ಒಬ್ಬನನ್ನು ಬೋರಲು ಮಲಗಿಸಿ, ಬೆನ್ನ ಮೇಲೆ ಕೂತು, ತಲೆಗೆ ಬಟ್ಟೆಯ ಚೀಲ ಎಳೆದ. ಹಿಂದೆ ಆ ಚೀಲವನ್ನು ಒದ್ದೆ ಮಾಡಿ ಉಸಿರು ಕಟ್ಟಿಸುತ್ತಿದ್ದ. ಹಾಗೆ ತೋರಿಸು ಎಂದು ಕೇಳಿದ್ದು ಅವನಿಂದಲೇ ಹಿಂಸೆ ಅನುಭವಿಸಿದ್ದ ಟೋನಿ ಯೆಂಗೆನಿ. 1999ರಲ್ಲಿ ಬೆನ್ಝೀನ್‌ಗೆ ಕ್ಷಮಾದಾನ, ಅಂದರೆ ಕೇಸು, ಶಿಕ್ಷೆಗಳಿಂದ ಕಾನೂನಿನ ವಿನಾಯಿತಿ, ಸಿಕ್ಕಿತು. ಅಪರಾಧ ರಾಜಕೀಯ ಉದ್ದೇಶದ್ದಾಗಿರಬೇಕು, ಪೂರ್ತಿ ಸತ್ಯ ಹೇಳಬೇಕು, ಇದಿಷ್ಟೇ ಕಾನೂನಿನ ಮುಖ್ಯ ಷರತ್ತು. ಕ್ಷಮೆ ಕೇಳಲೇಬೇಕು ಅಂತ ಇರಲಿಲ್ಲ.

ಈ ಕ್ಷಮಾದಾನ ಬಂದದ್ದು ಚರ್ಚಿನಿಂದಲ್ಲ, ಸಂಧಾನದ ಮೇಜಿನಿಂದ. ಪೊಲೀಸು, ಸೈನ್ಯ ಇನ್ನೂ ಹಳೆಯ ಬಿಳಿಯರ ಸರ್ಕಾರದ ಕೈಯಲ್ಲಿದ್ದಾಗ, 1993ರ ಮಧ್ಯಂತರ ಸಂವಿಧಾನದಲ್ಲೇ ಅದರ ಮಾತು ಕೊಡಲಾಗಿತ್ತು. ಆರ್ಚ್‌ಬಿಷಪ್ ಟುಟು ಆಯೋಗದ ಅಧ್ಯಕ್ಷರಾದದ್ದು ಆಮೇಲೆ.

ಆದಿ ಕ್ರೈಸ್ತರಾದರೋ ಇಷ್ಟು ಅಗ್ಗಕ್ಕೆ ಬಿಡುತ್ತಿರಲಿಲ್ಲ. ಬಲಿಪೀಠಕ್ಕೆ ಕಾಣಿಕೆ ತಂದವನಿಗೆ ತನ್ನ ಮೇಲೆ ಸಹೋದರನಿಗೆ ಮನಸ್ತಾಪ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕು ಅನ್ನುತ್ತದೆ ಮತ್ತಾಯನ ಸುವಾರ್ತೆ. ಹೋಗಬೇಕಾದವನು ತಪ್ಪು ಮಾಡಿದವನು, ಅಲ್ವಾ?

ಇನ್ನೊಂದು ಪ್ರಸಂಗ ನೋಡಿ. ಸುಮಾರು 250ರಲ್ಲಿ ರೋಮ್ ಚಕ್ರವರ್ತಿ ಡೀಸಿಯಸ್, ಎಲ್ಲರೂ ದೇವತೆಗಳಿಗೆ ಬಲಿ ಕೊಟ್ಟು ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಮಾಡಿದ. ಎಷ್ಟೋ ಕ್ರೈಸ್ತರು ಹೆದರಿ ಬಲಿ ಕೊಟ್ಟರು. ಕೆಲವರು ದುಡ್ಡು ಕೊಟ್ಟು ಬರೀ ಪತ್ರ ಕೊಂಡರು. ಬಿರುಗಾಳಿ ತಗ್ಗುತ್ತಿದ್ದಂತೆ ಅವರಲ್ಲಿ ಅನೇಕರು ಚರ್ಚಿಗೆ ವಾಪಸ್ ಬಂದರು, ಜೈಲು ಕಂಡ ವಿಶ್ವಾಸಿಗಳಿಂದ ಶಿಫಾರಸು ಚೀಟಿ ಹಿಡಿದುಕೊಂಡು! ಉತ್ತರ ಆಫ್ರಿಕಾದ ಕಾರ್ತೇಜ್‌ನ ಬಿಷಪ್ ಸಿಪ್ರಿಯನ್ ಬರೀ ಚೀಟಿಯನ್ನು ಒಪ್ಪಲಿಲ್ಲ. ಇಂಥವರಿಗೆ ಬಾಗಿಲೇ ತೆರೆಯಬಾರದು ಎಂದ ರೋಮ್‌ನ ಪಾದ್ರಿ ನೊವೇಷಿಯನ್‌ನ ಹಟವನ್ನೂ ಒಪ್ಪಲಿಲ್ಲ. ಒಬ್ಬೊಬ್ಬರ ಪ್ರಕರಣ ಬೇರೆ ಬೇರೆ ನೋಡಬೇಕು, ಬಲಿ ಕೊಟ್ಟವರು ದೀರ್ಘ ಕಾಲ ಪ್ರಾಯಶ್ಚಿತ್ತ ಮಾಡಬೇಕು ಎಂದು 251ರಲ್ಲಿ ಕಾರ್ತೇಜ್‌ನಲ್ಲಿ ಸೇರಿದ ಬಿಷಪ್‌ಗಳ ಸಭೆ ತೀರ್ಮಾನಿಸಿತು.

ಹೆದರಿ ಬಲಿ ಕೊಟ್ಟವನೂ ಚಿತ್ರಹಿಂಸೆ ಕೊಟ್ಟವನೂ ಒಂದೇ ಅಲ್ಲ, ನಿಜ. ಆದರೂ ನನಗೆ ಕಾಣುವುದು ಇದು: ಆಯೋಗ ತಪ್ಪೊಪ್ಪಿಗೆಯನ್ನು ತೆಗೆದುಕೊಂಡಿತು, ಪ್ರಾಯಶ್ಚಿತ್ತವನ್ನು ಕೈಬಿಟ್ಟಿತು. ಭಾರ ಬಿದ್ದದ್ದು ನೊಂದವರ ಮೇಲೆ. ಅವರಿಗೆ ವರ್ಷ ವರ್ಷ ನೆರವು ಕೊಡಿ ಎಂದು ಆಯೋಗ ಹೇಳಿತ್ತು. ಸರ್ಕಾರ 2003ರಲ್ಲಿ ತಲಾ 30,000 ರ‍್ಯಾಂಡ್ ಒಂದೇ ಸಲ ಕೊಟ್ಟು ಕೈತೊಳೆದುಕೊಂಡಿತು. ಕ್ಷಮಾದಾನ ಸಿಗದವರ ಮೇಲೂ ಕೇಸು ನಡೆದದ್ದು ಬಹಳ ಕಡಿಮೆ. ಆ ಕೇಸುಗಳನ್ನು ಯಾರಾದರೂ ಬೇಕಂತಲೇ ತಡೆದರೇ ಎಂದು ತನಿಖೆ ಮಾಡಲು ಅಧ್ಯಕ್ಷ ರಾಮಫೋಸಾ 2025ರಲ್ಲಿ ಇನ್ನೊಂದು ಆಯೋಗ ರಚಿಸಬೇಕಾಯಿತು.

– ಸಂಪಾದಕ